ಎ-ಆರ್ಮ್ ಉದ್ದವಾದರೆ ಶಾಕ್ ಮೆತ್ತಗಾಗುತ್ತದೆ

ನನ್ನ ಎಟಿವಿಯ (ಒರಟು ನೆಲದಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಮುಂಭಾಗಕ್ಕೆ ಉದ್ದನೆಯ ಎ-ಆರ್ಮ್, ಅಂದರೆ ಚಕ್ರವನ್ನು ಚೌಕಟ್ಟಿಗೆ ಹಿಡಿದಿಡುವ ಕೀಲು ತೋಳು, ಜೋಡಿಸಿದ ಮೇಲೆ ಗಾಡಿ ಅಗಲವಾಯಿತು. ಹಿಂದೆ ಒಳಗಿನ ಚಕ್ರ ಎತ್ತುತ್ತಿದ್ದ ತಿರುವುಗಳಲ್ಲಿ ಈಗ ನೆಲ ಕಚ್ಚಿ ನಿಲ್ಲುತ್ತದೆ. ಆದರೆ ಮೂತಿ ತಗ್ಗಿತು, ಸಾಧಾರಣ ಗುಂಡಿಗೂ ಶಾಕ್ (ಕುಲುಕು ಹೀರುವ ಸ್ಪ್ರಿಂಗ್ ಮತ್ತು ಎಣ್ಣೆ ಕೊಳವೆಯ ಜೋಡಿ) ತಳ ಬಡಿಯತೊಡಗಿತು. ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರೀಲೋಡ್ ರಿಂಗ್ ಬಿಗಿ ಮಾಡು, ಸ್ಪ್ರಿಂಗ್ ಗಟ್ಟಿಯಾಗುತ್ತದೆ.

ಈ ಮಾತು ಕೇಳಿದರೆ ನನಗೆ ರೇಗುತ್ತದೆ. ರಿಂಗ್ ತಿರುಗಿಸಿದರೆ ಗಾಡಿ ಮೇಲೇಳುತ್ತದೆ, ಅಷ್ಟೇ. ಸ್ಪ್ರಿಂಗಿನ ಬಿಗುವು ಅದರ ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಇವುಗಳಲ್ಲಿದೆ, ರಿಂಗಿನಲ್ಲಿಲ್ಲ.

ನಿಜವಾಗಿ ಕೆಟ್ಟಿದ್ದು ಸನ್ನೆಯ ಲೆಕ್ಕ. ಒಳಗಿನ ಕೀಲಿನಿಂದ ಚಕ್ರದವರೆಗಿನ ದೂರ ನೂರಕ್ಕೆ 10ರಷ್ಟು ಹೆಚ್ಚಿತು, ಶಾಕ್ ಕೂರುವ ಜಾಗ ಮಾತ್ರ ಹಾಗೆಯೇ ಉಳಿಯಿತು ಎಂದುಕೊಳ್ಳಿ. ಚಕ್ರ ಮೊದಲಿನಷ್ಟೇ ಮೇಲೇರಿದರೂ ಶಾಕ್ ಮೊದಲಿಗಿಂತ ಕಡಿಮೆ ಕುಗ್ಗುತ್ತದೆ. ಕುಗ್ಗಿದ್ದರಿಂದ ಹುಟ್ಟುವ ಬಲವೂ ಚಕ್ರ ಮುಟ್ಟುವಷ್ಟರಲ್ಲಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಎರಡು ನಷ್ಟಗಳೂ ಗುಣಿಸಿಕೊಳ್ಳುವುದರಿಂದ ಚಕ್ರದ ಬಳಿ ಸ್ಪ್ರಿಂಗ್ ಸುಮಾರು ಶೇಕಡ 17ರಷ್ಟು ಮೆತ್ತಗಾಗುತ್ತದೆ. ಮೊದಲಿನ ಬಿಗುವು ಬೇಕೆಂದರೆ ಸ್ಪ್ರಿಂಗ್ ಶೇಕಡ 21ರಷ್ಟು ಗಟ್ಟಿಯಿರಬೇಕು. ಡ್ಯಾಂಪಿಂಗಿಗೂ, ಅಂದರೆ ಎಣ್ಣೆ ಶಾಕಿನ ಆಟಕ್ಕೆ ಒಡ್ಡುವ ತಡೆಗೂ, ಇದೇ ಲೆಕ್ಕ. ಆದ್ದರಿಂದ ಸ್ಪ್ರಿಂಗ್ ಬದಲಿಸಿದ್ದಷ್ಟೇ ಸಾಲದೆ ಶಾಕ್ ಬಿಚ್ಚಿ ಒಳಗೆ ಎಣ್ಣೆಯ ಹರಿವನ್ನು ತಡೆಯುವ ಶಿಮ್‌ಗಳಿಗೂ ಕೈಹಾಕಬೇಕಾಯಿತು.

ಬಿಚ್ಚುವ ಮುನ್ನ ಶಾಕಿನೊಳಗೆ ತುಂಬಿರುವ ನೈಟ್ರೋಜನ್ ಒತ್ತಡವನ್ನು ಪೂರ್ತಿ ಹೊರಬಿಡಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಇದರಲ್ಲಿ ಚೌಕಾಸಿ ಇಲ್ಲ. ಸರ್ಕ್ಲಿಪ್ (ಭಾಗಗಳನ್ನು ಜಾಗದಲ್ಲಿ ಹಿಡಿದಿಡುವ ಉಂಗುರ) ತೆಗೆದು ಶಾಫ್ಟ್ ಎಳೆದಾಗ ಬಂದ ಎಣ್ಣೆ ಬೂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ತಟ್ಟೆ ಓರೆ ಮಾಡಿದರೆ ತಳದಲ್ಲಿ ಅಲ್ಯೂಮಿನಿಯಂ ಪುಡಿಯ ಮಿನುಗು. ಬುಷ್ ಸವೆದಿತ್ತು, ಸೀಲ್ ಗಟ್ಟಿಯಾಗಿ ತುಟಿ ಚೂಪು ಕಳೆದುಕೊಂಡಿತ್ತು. ಶಾಫ್ಟಿನ ಕ್ರೋಮ್ ಮೇಲೆ ಉಗುರನ್ನು ಉದ್ದಕ್ಕೂ ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ. ತಡೆದಿದ್ದರೆ ಹೊಸ ಸೀಲ್ ಹಾಕುವುದು ವ್ಯರ್ಥ, ಆ ಗೀರೇ ಅದನ್ನು ಹರಿದುಹಾಕುತ್ತದೆ. ಹೊಸ ಸೀಲ್ ಇಳಿಸುವಾಗ ಶಾಫ್ಟಿನ ತಿರುಪು ಸುತ್ತುಗಳ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಎಣ್ಣೆ ಸವರಿದರೆ ತುಟಿ ಉಳಿಯುತ್ತದೆ.

ಶಿಮ್‌ಗಳೆಂದರೆ ಪಿಸ್ಟನ್ ಮೇಲೆ ಒಂದರ ಮೇಲೊಂದು ಕೂರುವ ಉಕ್ಕಿನ ತೆಳು ಬಿಲ್ಲೆಗಳು. ಎಣ್ಣೆ ಇವುಗಳನ್ನು ಬಾಗಿಸಿಕೊಂಡೇ ದಾಟಬೇಕು. ಕಳಚಿದ ಕ್ರಮದಲ್ಲೇ ಅವನ್ನು ಒಂದು ತಂತಿಗೆ ಪೋಣಿಸಿಟ್ಟು, ಮೈಕ್ರೋಮೀಟರಿನಲ್ಲಿ ಅಳೆದು ಬರೆದುಕೊಂಡೆ. ಶಿಮ್ಮಿನ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.15 ಮಿಲಿಮೀಟರಿನ ಜಾಗದಲ್ಲಿ ಅಷ್ಟೇ ಅಗಲದ 0.20ರದ್ದು ಇಟ್ಟರೆ ಆ ಬಿಲ್ಲೆಯೊಂದೇ ಎರಡು ಪಟ್ಟಿಗೂ ಮೀರಿ ಗಟ್ಟಿ. ಕೈಯಲ್ಲಿ ಹಿಡಿದರೆ ಎರಡಕ್ಕೂ ವ್ಯತ್ಯಾಸವೇ ತಿಳಿಯದು!

ಎಣ್ಣೆ ತುಂಬುವಾಗ ಅವಸರ ಮಾಡಬಾರದು. ಪಿಸ್ಟನ್ನನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತ ಗುಳ್ಳೆಗಳು ನಿಲ್ಲುವವರೆಗೆ ಕಾಯಬೇಕು. ಅನಿಲವನ್ನೂ ಎಣ್ಣೆಯನ್ನೂ ಬೇರ್ಪಡಿಸುವ ತೇಲು ಪಿಸ್ಟನ್ ಕೈಪಿಡಿ ಹೇಳಿದ ಆಳದಲ್ಲೇ ಕೂರಬೇಕು. ನೈಟ್ರೋಜನ್ ತುಂಬಿಸುವ ಕೆಲಸವನ್ನು ಒತ್ತಡ ಹದಗೊಳಿಸುವ ರೆಗ್ಯುಲೇಟರ್ ಇರುವ ವರ್ಕ್‌ಶಾಪಿಗೆ ಬಿಟ್ಟೆ. ಸೈಕಲ್ ಪಂಪಿನ ಗಾಳಿ ಸಾಲದೇ ಎನ್ನುವವರಿದ್ದಾರೆ. ಆ ಗಾಳಿಯಲ್ಲಿ ತೇವವಿದೆ. ಒಣ ನೈಟ್ರೋಜನ್ ಬಿಸಿಯಾದಾಗಲೂ ಒತ್ತಡದ ಲೆಕ್ಕ ತಪ್ಪುವುದಿಲ್ಲ.

ಟ್ಯೂನಿಂಗ್ ಶುರುವಾಗುವುದು ಟೈರಿನಿಂದ. ಎಟಿವಿಯ ದಪ್ಪ ಟೈರ್ ತಾನೇ ಒಂದು ಸ್ಪ್ರಿಂಗ್, ಅದರ ಗಾಳಿ ದಿನಕ್ಕೊಂದು ಥರ ಇದ್ದರೆ ಉಳಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಆಮೇಲೆ ಸ್ಯಾಗ್: ಹೆಲ್ಮೆಟ್, ಬೂಟು ಸಮೇತ ಕುಳಿತಾಗ ಗಾಡಿ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದರಷ್ಟು ಇಳಿಯಬೇಕು. ಪ್ರೀಲೋಡ್ ರಿಂಗ್ ಇರುವುದು ಈ ಎತ್ತರ ಕೂಡಿಸುವುದಕ್ಕೆ. ಅತಿಯಾಗಿ ಬಿಗಿದ ಮೇಲೂ ಸ್ಯಾಗ್ ಕೂಡದಿದ್ದರೆ ಸ್ಪ್ರಿಂಗೇ ಮೆತ್ತಗಿದೆ ಎಂದರ್ಥ.

ಕ್ಲಿಕ್‌ಗಳನ್ನು, ಅಂದರೆ ಡ್ಯಾಂಪಿಂಗ್ ತಿರುಪಿನ ಹೆಜ್ಜೆಗಳನ್ನು, ಪೂರ್ತಿ ಮುಚ್ಚಿದ ಕಡೆಯಿಂದ ಎಣಿಸುತ್ತೇನೆ. ಒಂದೇ ಹಾದಿ, ಒಂದೇ ವೇಗ, ಒಂದು ಸಲಕ್ಕೆ ಒಂದೇ ಬದಲಾವಣೆ. ಅದೂ ಶಾಕ್ ಬಿಸಿಯಾದ ಮೇಲೆ, ಏಕೆಂದರೆ ಬಿಸಿ ಎಣ್ಣೆ ತೆಳ್ಳಗಿರುತ್ತದೆ. ಸಾಲು ದಿಬ್ಬಗಳಲ್ಲಿ ಗಾಡಿ ಹೋಗುತ್ತಾ ಹೋಗುತ್ತಾ ಕುಸಿದು ಗಡುಸಾದರೆ ರೀಬೌಂಡ್ (ಕುಗ್ಗಿದ ಶಾಕ್ ಮರಳಿ ಚಾಚುವುದು) ನಿಧಾನ, ಒಂದೆರಡು ಕ್ಲಿಕ್ ಸಡಿಲಿಸಬೇಕು. ಇಳಿದೊಡನೆ ಎತ್ತಿ ಎಸೆದರೆ ರೀಬೌಂಡ್ ಅತಿ ವೇಗ. ನನ್ನ ಗಾಡಿಯಲ್ಲಿ ಕಂಪ್ರೆಷನ್ (ಶಾಕ್ ಕುಗ್ಗುವಾಗಿನ ತಡೆ) ಬೇಗನೆ ಕೂಡಿಬಂತು, ರೀಬೌಂಡ್ ಬಹಳ ಸತಾಯಿಸಿತು. ಹೊಸ ಸ್ಪ್ರಿಂಗ್ ಹೆಚ್ಚು ಬಲದಿಂದ ಹಿಂದಕ್ಕೆ ತಳ್ಳುತ್ತದಲ್ಲ, ಅದನ್ನು ಹಿಡಿಯಲು ರೀಬೌಂಡ್ ಬದಿಯ ಶಿಮ್‌ಗಳೂ ಗಟ್ಟಿಯಾಗಬೇಕಿತ್ತು.

ಶಾಕ್ ಎಷ್ಟು ಕುಗ್ಗಿತೆಂದು ತೋರಿಸಲು ಶಾಫ್ಟಿಗೆ ಏರಿಸಿದ ರಬ್ಬರ್ ಉಂಗುರ ಈಗ ದೊಡ್ಡ ಜಿಗಿತದ ನಂತರವೂ ಬಂಪ್ ಸ್ಟಾಪಿನ (ಕೊನೆಯ ಹೊಡೆತ ತಡೆಯುವ ಮೆತ್ತೆ) ಬಳಿ ತುಸು ಜಾಗ ಬಿಟ್ಟು ನಿಲ್ಲುತ್ತದೆ. ಮುಂಭಾಗ ಸರಿಹೋದ ಮೇಲೆ ಹಿಂಭಾಗ ಹುಳುಕೆಂದು ಗೊತ್ತಾಗಿದೆ. ಅದರ ಲಿಂಕೇಜ್ (ಶಾಕನ್ನು ಚಕ್ರದ ತೋಳಿಗೆ ಬೆಸೆಯುವ ಸನ್ನೆಗಳು) ಬೇರಿಂಗುಗಳನ್ನು ತೊಳೆದು ಗ್ರೀಸ್ ತುಂಬದೆ ಆ ಶಾಕಿನ ಒಂದು ಕ್ಲಿಕ್ಕನ್ನೂ ಮುಟ್ಟುವುದಿಲ್ಲ.