ಮೂತ್ರದ ಸಕ್ಕರೆಯ ಎದುರು ನಾಲ್ಕು ಪ್ಲಸ್

ಕಳೆದ ಜುಲೈನಲ್ಲಿ, ಸೋಮವಾರಪೇಟೆಯ ಕಡೆ ವಾರದಿಂದ ಮಳೆ ಹೊಳವಾಗದೆ ಸುರಿಯುತ್ತಿದ್ದಾಗ, ನಮ್ಮ ಅತ್ತೆಯವರ ಲ್ಯಾಬ್ ರಿಪೋರ್ಟ್ ಮನೆಗೆ ಬಂತು. ಬರಿಹೊಟ್ಟೆಯ ರಕ್ತದ ಸಕ್ಕರೆ 118 ಇತ್ತು. ಮೂತ್ರದ ಸಕ್ಕರೆಯ ಎದುರು ಮಾತ್ರ ನಾಲ್ಕು ಪ್ಲಸ್ ಗುರುತುಗಳಿದ್ದವು, ಅಂದರೆ ಸಕ್ಕರೆ ತುಂಬ ಹೆಚ್ಚು. "ಶುಗರ್ ಕಮ್ಮಿಯಾಗಿದೆ ಅಂತೀಯಲ್ಲ ಮಗಾ, ಇದೇನಿದು?" ಎಂದು ಕೇಳಿದ ಅವರು, ನನ್ನ ಉತ್ತರಕ್ಕೂ ಕಾಯದೆ, ಮರುದಿನದಿಂದ ಮಧುಮೇಹದ ಮಾತ್ರೆಯನ್ನೇ ಬಿಟ್ಟರು.

ಅವರ ಭಯಕ್ಕೆ ಕಾರಣವಿತ್ತು. ಸಿಹಿಮೂತ್ರ ರೋಗ ಎಂಬ ಹೆಸರನ್ನೇ ಕೇಳಿ ಬೆಳೆದ ತಲೆಮಾರು ಅದು. ಸಾಮಾನ್ಯವಾಗಿ ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆಯೇ ಅದು ಮೂತ್ರಕ್ಕೆ ಸೋರುತ್ತದೆ. ಆದರೆ ಅತ್ತೆ ನುಂಗುತ್ತಿದ್ದ ಡಾಪಾಗ್ಲಿಫ್ಲೋಜಿನ್ ಕೆಲಸ ಮಾಡುವುದೇ ಬೇರೆ ರೀತಿಯಲ್ಲಿ: ಸೋಸಿದ ಸಕ್ಕರೆಯನ್ನು ಮೂತ್ರಪಿಂಡವು ಮತ್ತೆ ರಕ್ತಕ್ಕೆ ಎಳೆದುಕೊಳ್ಳುವ ಮುಖ್ಯ ದಾರಿಯನ್ನು ಅದು ತಡೆಯುತ್ತದೆ. ಮೂತ್ರಪಿಂಡ ಚೆನ್ನಾಗಿರುವ ಮಧುಮೇಹಿಗಳಲ್ಲಿ ದಿನಕ್ಕೆ 60ರಿಂದ 80 ಗ್ರಾಂ ಸಕ್ಕರೆ ಹೀಗೆ ಹೊರಗೆ ಹೋಗುತ್ತದೆ. ಎಂಪಾಗ್ಲಿಫ್ಲೋಜಿನ್ ಕೂಡ ಇದೇ ಜಾತಿಯದು. ಇವನ್ನು ತೆಗೆದುಕೊಳ್ಳುವವರ ಮೂತ್ರದಲ್ಲಿ ಸಕ್ಕರೆ ಕಾಣುವುದು ಔಷಧಿ ಕೆಲಸ ಮಾಡುತ್ತಿರುವುದರ ಗುರುತು. 2020ರಲ್ಲಿ ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಈ ಮಾತ್ರೆ ನಮ್ಮಂಥ ಎಷ್ಟೋ ಮನೆಗಳಿಗೆ ಬಂದಿದೆ. ಮೂತ್ರದಲ್ಲಿ ಸಕ್ಕರೆ ಕಾಣುತ್ತದೆಂಬ ಒಂದು ಮಾತನ್ನು ವೈದ್ಯರು ಚೀಟಿ ಬರೆಯುವಾಗಲೇ ಹೇಳಬೇಕಿತ್ತು.

ಮಾತ್ರೆ ಬಿಡಲು ಇನ್ನೊಂದು ಕಾರಣವೂ ಇತ್ತೆಂಬುದು ನನಗೆ ತಿಳಿದದ್ದು ಎರಡು ವಾರದ ನಂತರ, ಅದೂ ಮನೆಯಲ್ಲಿ ಗಂಡಸರಿಲ್ಲದ ಹೊತ್ತಿನಲ್ಲಿ. ತಡೆಯಲಾಗದ ತುರಿಕೆ, ಒಡೆದ ಮೊಸರಿನಂಥ ಬಿಳಿ ಸ್ರಾವ. ಉರಿಮೂತ್ರವೆಂದು ತಾವೇ ತೀರ್ಮಾನಿಸಿ, ಮೆಡಿಕಲ್‌ನಿಂದ ಆಂಟಿಬಯಾಟಿಕ್ ತರಿಸಿಕೊಂಡು ನುಂಗಿ, ತುರಿಕೆಯನ್ನು ಇನ್ನಷ್ಟು ಹೆಚ್ಚಿಸಿಕೊಂಡಿದ್ದರು. ಅದು ಶಿಲೀಂಧ್ರದ ಸೋಂಕು. ಈ ಔಷಧಿಗಳಿಂದ ಜನನಾಂಗದ ಶಿಲೀಂಧ್ರ ಸೋಂಕು ಹಲವು ಪಟ್ಟು ಹೆಚ್ಚುತ್ತದೆ, ಹೆಂಗಸರಲ್ಲಿ ವಿಶೇಷವಾಗಿ. ಬ್ಯಾಕ್ಟೀರಿಯಾದಿಂದ ಬರುವ ಮೂತ್ರನಾಳದ ಸೋಂಕು ಮಾತ್ರ ದೊಡ್ಡ ಅಧ್ಯಯನಗಳಲ್ಲಿ ಒಟ್ಟಾರೆ ಅಷ್ಟೇನೂ ಹೆಚ್ಚಿದ್ದು ಕಂಡುಬಂದಿಲ್ಲ. ಹಾಗೆಂದು ಉಪೇಕ್ಷಿಸುವಂತಿಲ್ಲ: ಸೋಂಕು ಮೂತ್ರಪಿಂಡಕ್ಕೂ ರಕ್ತಕ್ಕೂ ಏರಿದ ಪ್ರಕರಣಗಳನ್ನು ನೋಡಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಕೆ ನೀಡಿತ್ತು.

ನಮ್ಮ ಜಿಲ್ಲೆಯ ಮಳೆಗಾಲವನ್ನು ಇದಕ್ಕೆ ಸೇರಿಸಿ ನೋಡಬೇಕು. ಒಳಬಟ್ಟೆಗಳು ಬಿಸಿಲು ಕಾಣದೆ ಒಲೆಯ ಮೇಲಿನ ಹಗ್ಗದಲ್ಲಿ ಅರೆಬರೆ ಒಣಗುತ್ತವೆ, ಬೇರೆಯಿಲ್ಲದೆ ಅದನ್ನೇ ಉಡುತ್ತಾರೆ. ಚಳಿಗೆ ಬಾಯಾರದೆ ನೀರು ಕುಡಿಯುವುದೂ ಕಡಿಮೆಯಾಗುತ್ತದೆ. ಮಳೆಗಾಲ ಮುಗಿದ ಮೇಲೂ, ಕಾಫಿ ಕೊಯ್ಲಿನ ದಿನಗಳಲ್ಲಿ ಶೌಚಾಲಯವಿಲ್ಲದ ತೋಟಗಳಲ್ಲಿ ಕೆಲಸದ ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೆ ಮೂತ್ರ ತಡೆದು, ಅದಕ್ಕಾಗಿಯೇ ನೀರನ್ನೂ ಬಿಡುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಮಧುಮೇಹಿಗಳೂ ಇದ್ದಾರೆ, ಅವರಿಗೂ ಇದೇ ಮಾತ್ರೆ ಸಿಗುತ್ತಿದೆ. ಈ ಮಾತ್ರೆ ಮೊದಲೇ ಹೆಚ್ಚು ಮೂತ್ರ ಹೋಗಿಸುತ್ತದೆ. ಶೌಚಾಲಯ ಒದಗಿಸುವುದನ್ನು ತೋಟದ ಮಾಲೀಕರು ತಮ್ಮ ಹೊಣೆಯೆಂದು ತಿಳಿಯಬೇಕು.

ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು, ಮೂತ್ರದಲ್ಲಿ ರಕ್ತ ಕಂಡರೆ ಅಂದೇ ವೈದ್ಯರ ಬಳಿ ಹೋಗಬೇಕು. ವಾಂತಿಯಾಗಿ ಊಟ ನೀರು ಸೇರದ ದಿನಗಳಲ್ಲಿ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ರಕ್ತದ ಸಕ್ಕರೆ ಅಷ್ಟು ಏರದೆಯೂ, ದೇಹ ಸಕ್ಕರೆಯ ಬದಲು ಕೊಬ್ಬನ್ನು ಸುಡುವಾಗ ಹುಟ್ಟುವ ಕೀಟೋ ಆಮ್ಲಗಳು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಹೋಗಬಹುದು.

ಮುಲಾಮಿನಿಂದ ತುರಿಕೆ ವಾಸಿಯಾದ ಮೇಲೆ, ವೈದ್ಯರನ್ನು ಕೇಳಿಯೇ ಅತ್ತೆ ಮಾತ್ರೆಯನ್ನು ಮತ್ತೆ ಆರಂಭಿಸಿದ್ದಾರೆ. ಈಗ ಲ್ಯಾಬಿನಲ್ಲಿ ಮೂತ್ರದ ಡಬ್ಬಿ ಕೊಡುವ ಮೊದಲೇ ಮಾತ್ರೆಯ ಹೆಸರು ಹೇಳಿ, ಅದನ್ನು ರಿಪೋರ್ಟಿನಲ್ಲಿ ಬರೆಸಿಕೊಳ್ಳುತ್ತಾರೆ.