ನನ್ನ ಮಗ ಎಷ್ಟು ದಿನಕ್ಕೆ ಸರಿ ಹೋಗ್ತಾನೆ?

"ನಿಮ್ಮ ಆ್ಯಪ್ ಹಾಕಿದ್ರೆ ನನ್ನ ಮಗ ಎಷ್ಟು ದಿನಕ್ಕೆ ಸರಿ ಹೋಗ್ತಾನೆ?" ತೀರ್ಥಹಳ್ಳಿಯ ಮದುವೆ ಊಟದಲ್ಲೂ ಇದೇ ಪ್ರಶ್ನೆ, ಶಿವಮೊಗ್ಗದ ಬಸ್‌ಸ್ಟ್ಯಾಂಡಲ್ಲೂ ಇದೇ. ಓದಿದ್ದು ಅರ್ಥವಾಗದ ಮಕ್ಕಳಿಗೆ ನಾನು ಸಾಫ್ಟ್‌ವೇರ್ ಮಾಡುತ್ತೇನೆ. ಮಗುವಿನ ಉತ್ತರ ನೋಡಿ ಅದು ಮುಂದಿನ ಪಾಠ ಬದಲಿಸುತ್ತದೆ. ದಿನದ ಲೆಕ್ಕ ನನ್ನ ಹತ್ತಿರ ಇಲ್ಲ. ಸರಿ ಹೋಗೋದಕ್ಕೆ ಮಗು ಏನು ಕೆಟ್ಟು ನಿಂತ ಪಂಪ್‌ಸೆಟ್ಟಾ? "ಓದಕ್ಕೆ ಬರುತ್ತೆ, ತಲೆಗೆ ಹೋಗಲ್ಲ, ಸೋಮಾರಿ" ಅಂತ ಮಗುವಿನ ಎದುರೇ ಹೇಳುತ್ತಾರಲ್ಲ, ಅದನ್ನು ಕೇಳಿಕೊಂಡು ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ.

ಸಾಗರದ ಕಡೆಯ ಒಂದು ಶಾಲೆ. ಐದನೇ ಕ್ಲಾಸಿನ ಹುಡುಗಿ. "ಲಿಫ್ಟ್ ಮುಂದೆ ಉದ್ದ ಸಾಲಿತ್ತು. ರವಿ ಮೆಟ್ಟಿಲು ಹತ್ತಿದ." ಒಂದು ಒತ್ತಕ್ಷರವೂ ತಪ್ಪದೆ ಓದಿದಳು. ಯಾಕೆ ಮೆಟ್ಟಿಲು ಹತ್ತಿದ ಅಂದರೆ ಮಾತಿಲ್ಲ. ನಮ್ಮ ಸಾಫ್ಟ್‌ವೇರ್ ಕೂಡಲೇ ಅವಳನ್ನು ಕೆಳಗಿಳಿಸಿ ಒಂದನೇ ಕ್ಲಾಸಿನ ಪಾಠ ಕೊಟ್ಟಿತು. ಅವಳು ಟ್ಯಾಬ್ ಕವುಚಿ ಇಟ್ಟುಬಿಟ್ಟಳು. ತಪ್ಪು ನಮ್ಮದು. ಅವಳು ಲಿಫ್ಟ್ ನೋಡಿಯೇ ಇರಲಿಲ್ಲ.

ಮರುದಿನ ಬೇರೆ ಪಾಠ ಬರೆದುಕೊಂಡು ಹೋದೆ. "ಮಳೆ ಬಿಡಲೇ ಇಲ್ಲ. ಅಪ್ಪನಿಗೆ ಔಷಧಿ ಹೊಡೆಯಲು ಆಗಲಿಲ್ಲ. ಬೆಳಿಗ್ಗೆ ನೋಡಿದರೆ ಮರದ ಬುಡದಲ್ಲೆಲ್ಲ ಹಸಿ ಅಡಿಕೆ." ಏನಾಯ್ತು ಅಂತ ಕೇಳಿ ಮುಗಿಸುವ ಮೊದಲೇ "ಕೊಳೆ ಬಂದಿದೆ ಸರ್" ಅಂದಳು. ಕೊಳೆ ಅಂದರೆ ಮಳೆಗಾಲದಲ್ಲಿ ಹಸಿ ಅಡಿಕೆ ಉದುರಿಸುವ ರೋಗ. ಆ ಪದ ಪಾಠದಲ್ಲಿ ಎಲ್ಲೂ ಇರಲಿಲ್ಲ! ಬರೆಯದೆ ಬಿಟ್ಟಿದ್ದನ್ನು ಹಿಡಿದಳು, ಓದು ಅಂದರೆ ಇದೇ ಅಲ್ವಾ?

ನೀವು ಕೇಳಬೇಕಾದದ್ದು ನಿಮ್ಮ ಮಗ ಎಲ್ಲಿ ಎಡವುತ್ತಾನೆ ಅಂತ. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲೇ ಹೇಳಿದ್ದರು: ಅಕ್ಷರ ಬಿಡಿಸಿ ಓದುವುದನ್ನು, ಮಾತು ಕೇಳಿ ಅರ್ಥ ಮಾಡಿಕೊಳ್ಳುವುದರಿಂದ ಗುಣಿಸಿದರೆ ಬರುವುದೇ ಓದಿದ್ದರ ಅರ್ಥ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಒತ್ತಕ್ಷರದಲ್ಲಿ ಎಡವುವ ಮಗುವಿಗೆ ಬೇಕಾದ ಪಾಠ ಬೇರೆ, ಸರಾಗ ಓದಿಯೂ ಕಥೆ ಹಿಡಿಯದ ಮಗುವಿಗೆ ಬೇಕಾದದ್ದು ಬೇರೆ. ಅದಕ್ಕೇ ಈಗ ನಮ್ಮ ಸಾಫ್ಟ್‌ವೇರ್ ಉತ್ತರ ತಪ್ಪಿದ ಕೂಡಲೇ ಕೆಳಗಿಳಿಸುವುದಿಲ್ಲ. ಅದೇ ಪಾಠವನ್ನು ಜೋರಾಗಿ ಓದಿ ಕೇಳಿಸುತ್ತದೆ. ಕೇಳಿದಾಗ ಅರ್ಥವಾದರೆ ತೊಡಕು ಅಕ್ಷರದ್ದು. ಆಗಲೂ ಆಗದಿದ್ದರೆ ಮಗುವಿಗೆ ಗೊತ್ತಿರುವ ವಿಷಯ ಕೊಟ್ಟು ನೋಡುತ್ತದೆ.

ಇದಕ್ಕೆ ಆ್ಯಪೇ ಬೇಕಂತಿಲ್ಲ. ಇವತ್ತು ರಾತ್ರಿ ಮಗನ ಪಾಠವನ್ನು ನೀವೇ ಓದಿ ಹೇಳಿ, ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ಎಲ್ಲಿ ನಿಂತ ಅಂತ ನನಗೆ ಫೋನ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತೇನೆ.