ಆಷಾಢದ ಬೋರ್ಡು ಮತ್ತು ಮೂವತ್ತು ರೂಪಾಯಿ

ದಾವಣಗೆರೆಯ ಒಂದು ಸಿದ್ಧ ಉಡುಪಿನ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಮದುವೆ, ಗೃಹಪ್ರವೇಶಗಳಿಲ್ಲದ ಆಷಾಢದಲ್ಲಿ ಗಲ್ಲಾ ತಣ್ಣಗಾಗುವುದರಿಂದ ರಿಯಾಯಿತಿ ಮಾರಾಟ ನಮಗೆ ಅನಿವಾರ್ಯ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಮಾರಾಟದ ಸಮಯದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬಿಲ್ಲು ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು. ಶರ್ಟಿನ ಎಂಆರ್‌ಪಿ 1,000 ರೂಪಾಯಿ, ಶೇ. 40 ರಿಯಾಯಿತಿ ಕಳೆದು 600, ಅದರ ಮೇಲೆ ಶೇ. 5 ಜಿಎಸ್‌ಟಿ ಸೇರಿಸಿ 630 ಎಂದು ಬಿಲ್ಲು ಹೇಳುತ್ತಿತ್ತು.

“ಶರ್ಟಿನ ಚೀಟಿಯಲ್ಲಿ ‘ಎಲ್ಲ ತೆರಿಗೆಗಳೂ ಸೇರಿ’ ಎಂದಿದೆಯಲ್ರೀ, ಮತ್ತೆ ಈ ಮೂವತ್ತು ರೂಪಾಯಿ ಯಾವ ತೆರಿಗೆ?” ಎಂದು ಕೇಳಿದರು. ಹೊರಗಿನ ರಿಯಾಯಿತಿ ಬೋರ್ಡಿನ ಕೆಳಗೆ ‘ತೆರಿಗೆ ಪ್ರತ್ಯೇಕ’ ಎಂದು ಹಾಕಿದ್ದೇವೆ ಸರ್ ಎಂದೆ. “ಹಾಗಾದರೆ ಅದನ್ನೇ ಒಂದು ಹಾಳೆಯಲ್ಲಿ ಬರೆದು, ಸೀಲ್ ಹಾಕಿ ಕೊಡಿ” ಎಂದರು. ಬರೆಯಲು ಕೈ ಬರಲಿಲ್ಲ. ಮೂವತ್ತು ರೂಪಾಯಿ ವಾಪಸ್ ಕೊಟ್ಟೆ.

ಅಂದು ರಾತ್ರಿ ಲೆಕ್ಕಪರಿಶೋಧಕರಿಗೆ ಫೋನ್ ಮಾಡಿದಾಗ, ಈ ಪ್ರಶ್ನೆ 2017ರಲ್ಲೇ ಇತ್ಯರ್ಥವಾಗಿದೆಯೆಂದು ತಿಳಿಯಿತು. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುವುದರಿಂದ, ರಿಯಾಯಿತಿ ಘೋಷಿಸಿದ ಮೇಲೆ ಇಳಿದ ಬೆಲೆಯ ಮೇಲೆ ಮತ್ತೆ ತೆರಿಗೆ ವಸೂಲು ಮಾಡುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ಆ ವರ್ಷ, ಜಿಎಸ್‌ಟಿಗೆ ಮುಂಚಿನ ವ್ಯಾಟ್ ಎಂಬ ಮಾರಾಟ ತೆರಿಗೆ ಇದ್ದ ಕಾಲದ ಒಂದು ಪ್ರಕರಣದಲ್ಲಿ ಹೇಳಿತ್ತು. ಜಿಎಸ್‌ಟಿ ಬಂದರೂ ಈ ತರ್ಕ ಬದಲಾಗಿಲ್ಲ. ತೆರಿಗೆಯನ್ನು 600ರ ಮೇಲೆ ಹೇರುವುದಲ್ಲ, 600ರ ಒಳಗಿನಿಂದ ತೆಗೆಯಬೇಕು: ಸರಕಿನ ಮೌಲ್ಯ 571.43, ತೆರಿಗೆ 28.57. ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಿದರೆ ಆ ಮೊತ್ತದ ಮೇಲೆ ನಾವು ಜಿಎಸ್‌ಟಿ ಕಟ್ಟಬೇಕಾಗಿಲ್ಲ. ತಪ್ಪು ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಒಂದು ಸೆಟ್ಟಿಂಗಿನಲ್ಲಿತ್ತು. ಅದನ್ನು ಯಾರು, ಯಾವಾಗ ಹಾಗೆ ಇಟ್ಟರೋ ಗೊತ್ತಿಲ್ಲ. ಪ್ರತಿ ತಿಂಗಳು ಅದರ ವರದಿಗೆ ಸಹಿ ಹಾಕುತ್ತಿದ್ದವನು ಮಾತ್ರ ನಾನೇ.

ಬಿಲ್ಲನ್ನು ಸರಿಪಡಿಸಿದ ಮೇಲೆ ಬೋರ್ಡಿನತ್ತ ತಿರುಗಿದೆ. ‘ಶೇ. 50’ ಎಂಬುದು ರಸ್ತೆಯ ಆ ಬದಿಗೂ ಕಾಣುತ್ತಿತ್ತು, ‘ವರೆಗೆ’ ಎಂಬುದನ್ನು ಓದಲು ಹೊಸ್ತಿಲವರೆಗೆ ಬರಬೇಕಿತ್ತು. ಘೋಷಣೆಯೆಲ್ಲ ಕನ್ನಡದಲ್ಲಿದ್ದರೆ ಷರತ್ತು ಇಂಗ್ಲಿಷಿನಲ್ಲಿತ್ತು. ದಾರಿ ತಪ್ಪಿಸುವ ಜಾಹೀರಾತುಗಳ ಕುರಿತು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಷರತ್ತು ಹೇಳಿಕೆಯ ಭಾಷೆಯಲ್ಲೇ, ಅದೇ ಅಕ್ಷರವಿನ್ಯಾಸದಲ್ಲಿ, ಎದ್ದು ಕಾಣುವ ಜಾಗದಲ್ಲಿರಬೇಕು. ಅರ್ಧ ಬೆಲೆಗೆ ಇಪ್ಪತ್ತೇ ಶರ್ಟುಗಳಿದ್ದರೆ ದಾಸ್ತಾನು ಸೀಮಿತ ಎಂದು ಹೇಳಬೇಕು. ಮಾರುವ ಸಾಧ್ಯತೆಯೇ ಇಲ್ಲದ ಬೆಲೆ ತೋರಿಸಿ ಗಿರಾಕಿಯನ್ನು ಒಳಗೆ ಕರೆಯುವುದಕ್ಕೆ ಅವಕಾಶವಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಸಾಹುಕಾರರನ್ನು ಒಪ್ಪಿಸುವುದು. ಮಾರಾಟಕ್ಕೆ ಹದಿನೈದು ದಿನ ಮುಂಚೆ ಹಳೆಯ ಎಂಆರ್‌ಪಿಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸಿ, ಆಮೇಲೆ ‘ರಿಯಾಯಿತಿ’ ಕೊಡುವುದು ಅನೇಕ ಅಂಗಡಿಗಳ ಹಳೆಯ ರೂಢಿ, ನಮ್ಮದೂ ಕೂಡ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಮುದ್ರಿತ ಬೆಲೆಯನ್ನು ಅಳಿಸುವುದಾಗಲಿ, ಮರೆಮಾಚುವುದಾಗಲಿ, ತಿದ್ದುವುದಾಗಲಿ ಕೂಡದು. ಬೆಲೆ ಇಳಿಸುವುದಿದ್ದರೆ ಚೀಟಿ ಅಂಟಿಸಬಹುದು, ಆದರೆ ಹಳೆಯ ಬೆಲೆ ಅದರಡಿ ಮುಚ್ಚಿಹೋಗಬಾರದು. “ಎಲ್ಲರೂ ಮಾಡ್ತಾರಲ್ಲಪ್ಪ” ಎಂದರು ಸಾಹುಕಾರರು. ಒಂದು ಶರ್ಟಿನ ಚೀಟಿಯನ್ನು ಉಗುರಿನಿಂದ ಕಿತ್ತು, ಕೆಳಗಿದ್ದ 749ನ್ನೂ ಮೇಲಿದ್ದ 999ನ್ನೂ ಅವರ ಮುಂದಿಟ್ಟೆ. ಸ್ವಲ್ಪ ಹೊತ್ತು ನೋಡಿ, “ಉಳಿದವನ್ನೂ ಕೀಳಿಸು” ಎಂದರು. ಸ್ಪಿರಿಟ್ ಹಚ್ಚಿ ಒರೆಸಲು ಹುಡುಗರಿಗೆ ಎರಡು ದಿನ ಹಿಡಿಯಿತು.

‘ರಿಯಾಯಿತಿ ಮಾಲು ವಾಪಸ್ ಇಲ್ಲ’ ಎಂಬ ಫಲಕವನ್ನೂ ಆಗಲೇ ಇಳಿಸಿದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ರಿಯಾಯಿತಿಯಲ್ಲಿ ಮಾರಿದೆವೆಂಬುದು ಅದಕ್ಕೆ ನೆಪವಾಗದು.

ಈಗ ಬೋರ್ಡಿನ ಕರಡು ಮುದ್ರಣಕ್ಕೆ ಹೋಗುವ ಮುನ್ನ ನನ್ನ ಮೇಜಿಗೆ ಬರುತ್ತದೆ. ಅದರ ಜೊತೆಗೆ ಒಂದು ಮಾದರಿ ಬಿಲ್ಲು, ಚೀಟಿ ಸಮೇತ ಒಂದು ಶರ್ಟನ್ನೂ ತರಿಸಿಕೊಂಡು, ಮೂರರಲ್ಲೂ ಒಂದೇ ಲೆಕ್ಕ ಕಂಡರೆ ಮಾತ್ರ ಸಹಿ ಹಾಕುತ್ತೇನೆ.